ಸುಮ್ಮನಿದ್ದಾಗಲೇ ಸ್ತಬ್ಧವಾಗುತ್ತಿದ್ದ ಕಂಪ್ಯೂಟರ್

ಆಷಾಢದ ಒಂದು ಮಧ್ಯಾಹ್ನ, ಸಾಗರದ ಮನೆಯಲ್ಲಿ ಕೂತು ಹಳೇ ಯಕ್ಷಗಾನ ಪ್ರಸಂಗವೊಂದರ ಪದ್ಯಗಳನ್ನು ತಿದ್ದುತ್ತಿದ್ದೆ. ಅಮ್ಮ ಊಟಕ್ಕೆ ಕರೆದರು, ಎದ್ದು ಹೋದೆ. ಬಂದು ನೋಡಿದರೆ ಪರದೆ ನಾನು ಬಿಟ್ಟುಹೋದ ಹಾಗೇ ಇತ್ತು. ‘ಕೃಷ್’ ಅಂತ ಬರೆದು ಎದ್ದಿದ್ದೆ, ಣ ಒತ್ತು ಕೊಡುವುದು ಬಾಕಿ ಇತ್ತು. ಮೂಲೆಯ ಗಡಿಯಾರದಲ್ಲಿ 1:22. ಗೋಡೆ ಗಡಿಯಾರದಲ್ಲಿ ಎರಡು ಗಂಟೆ ಐದು ನಿಮಿಷ. ಮೌಸ್ ಅಲ್ಲಾಡಲಿಲ್ಲ. ಕ್ಯಾಪ್ಸ್ ಲಾಕ್ ಒತ್ತಿದರೆ ಕೀಲಿಮಣೆಯ ಪುಟ್ಟ ದೀಪ ಹತ್ತಲಿಲ್ಲ.

ಪವರ್ ಬಟನ್ ಒತ್ತಿ ಹಿಡಿದು ಆರಿಸಿದೆ. ಲಿಬ್ರೆಆಫೀಸ್ ಹತ್ತು ನಿಮಿಷಕ್ಕೊಮ್ಮೆ ಉಳಿಸಿಕೊಳ್ಳುತ್ತಿತ್ತು, ಹಾಗಾಗಿ ಆ ದಿನ ಹೋದದ್ದು ಮೂರು ಪದ್ಯ ಮಾತ್ರ. ಆದರೆ ನಾಲ್ಕನೇ ದಿನ ಮತ್ತೆ ಹಾಗೇ ಆಯಿತು. ಆಮೇಲೆ ಒಂದೇ ದಿನ ಎರಡು ಸಲ. ಆಮೇಲೆ ಒಂಬತ್ತು ದಿನ ಏನೂ ಇಲ್ಲ. ಹೊತ್ತುಗೊತ್ತಿಲ್ಲದೆ ಬರುವ ಈ ತೊಂದರೆ ಮನಸ್ಸನ್ನು ಎಷ್ಟು ಹಿಂಡುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು. ಪ್ರತಿ ಸಾಲು ಬರೆದ ಮೇಲೂ ಕೈ ತಾನಾಗಿ ಕಂಟ್ರೋಲ್-ಎಸ್ ಕಡೆ ಹೋಗುತ್ತಿತ್ತು.

ಕಂಪ್ಯೂಟರ್ ಬಗ್ಗೆ ಒಂದು ಮಾತು. ಆರು ಕೋರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್, ಸಿಸ್ಟಮ್ಮಿಗೆ ಎಸ್‌ಎಸ್‌ಡಿ, ಸ್ಕ್ಯಾನ್ ಮಾಡಿದ ಪುಟಗಳಿಗೆ ಬೇರೆ ಹಾರ್ಡ್ ಡಿಸ್ಕ್. ಹಾಕಿಕೊಂಡದ್ದು ಡೆಬಿಯನ್ 12 ಅನ್ನುವ ಲಿನಕ್ಸ್. ಬೋರ್ಡು ಮತ್ತು ಪ್ರೊಸೆಸರ್ ನೆಂಟರೊಬ್ಬರಿಂದ ಕೊಂಡದ್ದು. ಕ್ಯಾಬಿನೆಟ್ಟು, ಪವರ್ ಸಪ್ಲೈ ನನ್ನ ಹಳೇ ಕಂಪ್ಯೂಟರಿನವು. ಈ ಕೊನೆಯ ವಿಷಯ ಮುಂದೆ ಬರುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಏನೇ ಕೆಟ್ಟರೂ ಮೊದಲು ಅನುಮಾನ ಹೋಗುವುದು ಕರೆಂಟಿನ ಮೇಲೆ. ನನಗೂ ಹಾಗೇ ಆಯಿತು. ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡಿದರು. ಮೀಟರ್ ಹಿಡಿದರೆ ನ್ಯೂಟ್ರಲ್‌ಗೂ ಅರ್ಥಿಗೂ ನಡುವೆ ಎರಡು ವೋಲ್ಟಿಗಿಂತ ಕಡಿಮೆ. ಅದು ಸರಿಯಾಗೇ ಇತ್ತು. ಯುಪಿಎಸ್ ಬದಲಾಯಿಸಿ ನೋಡಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ರ‍್ಯಾಮ್ ಕಡ್ಡಿಗಳನ್ನು ತೆಗೆದು ಒರೆಸಿ ಹಾಕಿ, ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿದೆ. ಬೆಳಿಗ್ಗೆ ನಾಲ್ಕು ಸುತ್ತು ಮುಗಿದಿತ್ತು, ಒಂದು ತಪ್ಪೂ ಇರಲಿಲ್ಲ.

ಲಾಗ್, ಅಂದರೆ ಕಂಪ್ಯೂಟರ್ ತಾನೇ ಬರೆದಿಡುವ ದಿನಚರಿ, ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನೋಡಿದೆ. ‘ಜರ್ನಲ್‌ಸಿಟಿಎಲ್ -ಬಿ -1’ ಅಂದರೆ ಹಿಂದಿನ ಬೂಟಿನ ದಾಖಲೆ ಬರುತ್ತದೆ. ಅದರ ಕೊನೆಯ ಸಾಲಿನಲ್ಲಿ ಯಾವುದೋ ಟೈಮರ್ ಮುಗಿದ ಸಮಾಚಾರ, ಅದರ ಕೆಳಗೆ ಖಾಲಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಈ ದಾಖಲೆ ಬರೆಯುವ ಜರ್ನಲ್ ತನ್ನ ಸಾಲುಗಳನ್ನು ಡಿಸ್ಕಿಗೆ ಖಚಿತವಾಗಿ ಇಳಿಸುವುದು, ಮಾಮೂಲಿ ಸೆಟ್ಟಿಂಗಿನಲ್ಲಿ, ಐದು ನಿಮಿಷಕ್ಕೊಮ್ಮೆ. ತೀರಾ ಗಂಭೀರ ಸಂದೇಶವಾದರೆ ಮಾತ್ರ ಕೂಡಲೇ. ಹಾಗಾಗಿ ಲಾಗ್ ಖಾಲಿ ಇದೆ ಅಂದ ಮಾತ್ರಕ್ಕೆ ಏನೂ ನಡೆಯಲಿಲ್ಲ ಅಂತಲ್ಲ. ನಡೆದದ್ದನ್ನು ಬರೆದಿಡಲು ಪುರುಸೊತ್ತು ಸಿಗದೆ ಹೋಗಿರಬಹುದು.

ಅದಕ್ಕೆ ನಾನೇ ಒಂದು ಪುಟ್ಟ ಸ್ಕ್ರಿಪ್ಟ್ ಬರೆದೆ. ಹತ್ತು ಸೆಕೆಂಡಿಗೊಮ್ಮೆ ಹೊತ್ತು, ಲೋಡ್ (ಕೆಲಸದ ಹೊರೆ), ಉಳಿದಿರುವ ಮೆಮೊರಿ, ಪ್ರೊಸೆಸರಿನ ಶಾಖ ಇಷ್ಟನ್ನು ಒಂದು ಸಾಲಿನಲ್ಲಿ ಬರೆದು, ಕೂಡಲೇ ‘ಸಿಂಕ್’ ಕೊಟ್ಟು ಡಿಸ್ಕಿಗೆ ಇಳಿಸುವುದು. ಆರೇಳು ಸಾಲಿನ ಕೆಲಸ, ಆದರೆ ಇಡೀ ಹುಡುಕಾಟದಲ್ಲಿ ನನಗೆ ನಿಜವಾಗಿ ದಾರಿ ತೋರಿಸಿದ್ದು ಅದೇ. ಜೊತೆಗೆ ಹಳೇ ಲ್ಯಾಪ್‌ಟಾಪನ್ನು ತಂತಿಯಿಂದ ಜೋಡಿಸಿ ನೆಟ್‌ಕನ್ಸೋಲ್ ಹಾಕಿದೆ. ಲಿನಕ್ಸಿನ ತಿರುಳಾದ ಕರ್ನಲ್ ತನ್ನ ಸಂದೇಶಗಳನ್ನು ಡಿಸ್ಕಿನ ಹಂಗಿಲ್ಲದೆ ನೇರವಾಗಿ ನೆಟ್‌ವರ್ಕಿಗೆ, ಯುಡಿಪಿ 6666ನೇ ಪೋರ್ಟಿಗೆ, ಎಸೆಯುವ ಏರ್ಪಾಡು ಅದು. ಕರ್ನಲ್ಲಿಗೆ ಕೀಲಿಮಣೆಯಿಂದ ನೇರವಾಗಿ ಅಪ್ಪಣೆ ಕೊಡುವ ಮ್ಯಾಜಿಕ್ ಸಿಸ್‌ಆರ್‌ಕ್ಯೂ ಕೀಲಿಗೂ ಪೂರ್ತಿ ಅನುಮತಿ ಕೊಟ್ಟೆ. ನನ್ನ ಡೆಬಿಯನ್ನಿನಲ್ಲಿ ಅದರ ಸೆಟ್ಟಿಂಗಿನ ಸಂಖ್ಯೆ 438 ಇತ್ತು. ಅಷ್ಟಿದ್ದರೆ ಸಿಂಕ್ ಮಾಡಬಹುದು, ರೀಬೂಟ್ ಮಾಡಬಹುದು, ಆದರೆ ಪ್ರೋಗ್ರಾಮುಗಳನ್ನು ಕೊಲ್ಲಲು ಬಿಡುವುದಿಲ್ಲ. ಎಲ್ಲಕ್ಕೂ ಅನುಮತಿ ಸಿಗಲಿ ಅಂತ 1 ಮಾಡಿದೆ.

ಮುಂದಿನ ಸಲ ನಿಂತಾಗ ತಯಾರಿದ್ದೆ. ಫೋನಿನಿಂದ ಪಿಂಗ್, ಅಂದರೆ ‘ಇದ್ದೀಯಾ’ ಅಂತ ನೆಟ್‌ವರ್ಕಿನಲ್ಲಿ ಕೇಳುವ ಪುಟ್ಟ ಸಂದೇಶ, ಕಳಿಸಿದೆ, ಉತ್ತರ ಇಲ್ಲ. ಆಲ್ಟ್ ಮತ್ತು ಸಿಸ್‌ಆರ್‌ಕ್ಯೂ ಹಿಡಿದು ಕ್ರಮವಾಗಿ ಎಲ್ಲ ಮುಚ್ಚಿಸಿ ರೀಬೂಟ್ ಮಾಡಿಸುವ ಆರ್, ಇ, ಐ, ಎಸ್, ಯು, ಬಿ ಒಂದೊಂದಾಗಿ ಒತ್ತಿದೆ, ಮಿಸುಕಲಿಲ್ಲ. ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದಕ್ಷರವೂ ಇರಲಿಲ್ಲ. ಗ್ರಾಫಿಕ್ಸ್ ಮಾತ್ರ ಸಿಕ್ಕಿಕೊಂಡಿದ್ದರೆ ಪಿಂಗ್ ಬರಬೇಕಿತ್ತು. ಕರ್ನಲ್ ಪ್ಯಾನಿಕ್, ಅಂದರೆ ಕರ್ನಲ್ ತಾನೇ ತಪ್ಪು ಕಂಡು ಕೈಚೆಲ್ಲುವುದು, ಆಗಿದ್ದರೆ ಲ್ಯಾಪ್‌ಟಾಪಿಗೆ ನಾಲ್ಕು ಸಾಲಾದರೂ ಬರಬೇಕಿತ್ತು. ಅಂದರೆ ಕರ್ನಲ್ಲಿಗೆ ಬಾಯಿ ತೆರೆಯುವಷ್ಟೂ ಸಮಯ ಸಿಕ್ಕಿಲ್ಲ, ಅದರ ಕಾಲ ಕೆಳಗಿನ ನೆಲವೇ ಜಾರಿದೆ.

ಐದು ಸಲ ನಿಂತ ಮೇಲೆ ಸ್ಕ್ರಿಪ್ಟ್ ಬರೆದ ಫೈಲನ್ನು ತೆರೆದು, ಪ್ರತಿ ಸಲದ ಕೊನೆಯ ಸಾಲನ್ನು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದೆ. ಲೋಡ್ 0.04. 0.02. 0.11. 0.03. 0.06. ಶಾಖ ಎಲ್ಲದರಲ್ಲೂ 40 ಡಿಗ್ರಿಯ ಒಳಗೆ. ಮೆಮೊರಿ ಧಾರಾಳ. ಅದನ್ನು ನೋಡುತ್ತ ಎಷ್ಟೋ ಹೊತ್ತು ಕೂತಿದ್ದೆ. ಒಂದು ಸಲವೂ ಕೆಲಸದ ನಡುವೆ ನಿಂತಿರಲಿಲ್ಲ! ನಾನು ಊಟಕ್ಕೆ ಎದ್ದಾಗ, ಫೋನಿನಲ್ಲಿ ಮಾತಾಡುತ್ತಿದ್ದಾಗ, ಪುಸ್ತಕದ ಪುಟವನ್ನು ಬೆಳಕಿಗೆ ಹಿಡಿದು ಅಳಿಸಿಹೋದ ಅಕ್ಷರ ಓದುತ್ತಿದ್ದಾಗ ನಿಂತಿತ್ತು. ಟೆಸರಾಕ್ಟ್ ಹಾಕಿ ಇನ್ನೂರು ಪುಟದ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ಕೆಲಸ) ಓಡಿಸಿದ ರಾತ್ರಿ, ಎಲ್ಲ ಕೋರುಗಳೂ ಕಾದು ಫ್ಯಾನು ಬೊಬ್ಬೆ ಹೊಡೆಯುತ್ತಿದ್ದಾಗ, ಏನೂ ಆಗಿರಲಿಲ್ಲ. ಆ ಕೆಲಸ ಮುಗಿದು ಇಪ್ಪತ್ತು ನಿಮಿಷಕ್ಕೆ ನಿಂತಿತ್ತು.

ಅಲ್ಲಿಯವರೆಗೆ ನಾನು ಹುಡುಕಿದ್ದೆಲ್ಲ ಭಾರ ಬಿದ್ದಾಗ ಕೆಡುವುದನ್ನು. ಈಗ ಬಿಡುವಿದ್ದಾಗ ಕೆಡುವುದೇನು ಅಂತ ಹುಡುಕಬೇಕಾಯಿತು.

ಕೆಲಸವಿಲ್ಲದಾಗ ಪ್ರೊಸೆಸರ್ ಸುಮ್ಮನೆ ಕೂರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ನಿದ್ದೆಗೆ ಇಳಿಯುತ್ತದೆ. ಈ ಮೆಟ್ಟಿಲುಗಳಿಗೆ ಸಿ-ಸ್ಟೇಟ್ ಅಂತ ಹೆಸರು. ಸಿ1 ಬರೀ ತೂಕಡಿಕೆ. ಸಿ6 ಅಂದರೆ ಕೋರ್ ತನ್ನ ಸ್ಥಿತಿಯನ್ನೆಲ್ಲ ಬೇರೆಡೆ ಬರೆದಿಟ್ಟು, ತನಗೆ ಬರುವ ವಿದ್ಯುತ್ತನ್ನೇ ಬಹುಪಾಲು ಕಡಿದುಕೊಳ್ಳುವ ಗಾಢ ನಿದ್ದೆ. ಎಲ್ಲ ಕೋರುಗಳೂ ಒಟ್ಟಿಗೆ ಅಲ್ಲಿಗೆ ಇಳಿದರೆ ಕಂಪ್ಯೂಟರ್ ಎಳೆಯುವ ಕರೆಂಟು ತೀರಾ ಕೆಳಕ್ಕೆ ಹೋಗುತ್ತದೆ. ಕರ್ನಲ್ಲಿನ ದೋಷಗಳ ದೂರುಪಟ್ಟಿಯಾದ ಬಗ್‌ಜಿಲ್ಲಾದಲ್ಲಿ 196683 ಸಂಖ್ಯೆಯ ದೂರು ಇದೆ, 2017ರದ್ದು, ಎಎಂಡಿ ಕಂಪನಿಯ ರೈಜೆನ್ ಪ್ರೊಸೆಸರುಗಳ ಬಗ್ಗೆ. ಅದರಲ್ಲಿ ಬೇರೆ ಬೇರೆ ದೇಶದವರು ಬರೆದದ್ದನ್ನು ಓದುತ್ತ ಹೋದರೆ ನನ್ನ ನೋಟ್‌ಬುಕ್ಕನ್ನೇ ಓದಿದ ಹಾಗಾಯಿತು. 2015ರ 109051 ಸಂಖ್ಯೆಯದು ಇನ್ನೊಂದು ಕಂಪನಿ ಇಂಟೆಲ್ಲಿನ ಸಣ್ಣ ಚಿಪ್‌ಗಳ ಕಥೆ. ಅಲ್ಲಿ ಜನ ಕಂಡುಕೊಂಡ ದಾರಿ, ಬೂಟ್ ಸಾಲಿನಲ್ಲಿ ಸಿ-ಸ್ಟೇಟಿಗೆ 1ರ ಮಿತಿ ಹಾಕುವುದು.

ನನ್ನ ಬೋರ್ಡಿನ ಬಯಾಸ್‌ನಲ್ಲಿ (ಬೋರ್ಡಿನದೇ ಮೂಲ ಸೆಟ್ಟಿಂಗುಗಳ ಜಾಗ), ನಾಲ್ಕು ಮೆನು ಒಳಗೆ, ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಅಂತ ಒಂದು ಸಾಲು ಸಿಕ್ಕಿತು. ‘ಆಟೋ’ ಅಂತಿತ್ತು. ಅದನ್ನು ‘ಟಿಪಿಕಲ್ ಕರೆಂಟ್ ಐಡಲ್’ ಮಾಡಿದೆ. ಖಾಲಿ ಕೂತಾಗಲೂ ಕರೆಂಟು ತೀರಾ ಕೆಳಗಿಳಿಯದ ಹಾಗೆ ನೋಡಿಕೊಳ್ಳುವ ಆಯ್ಕೆ ಅದು. ಅಷ್ಟು ಕಡಿಮೆ ಕರೆಂಟು ಎಳೆದರೆ ಕೆಲವು ಹಳೇ ಪವರ್ ಸಪ್ಲೈಗಳು ಸರಿಯಾಗಿ ನಡೆಯುವುದಿಲ್ಲ, ನನ್ನದೂ ಹಳೇ ಕಂಪ್ಯೂಟರಿನದು ಅನ್ನುವುದು ಆಗ ನೆನಪಾಯಿತು. ಹದಿನೈದು ದಿನ ಹಗಲು ರಾತ್ರಿ ಆರಿಸದೆ ಬಿಟ್ಟೆ, ನಿಲ್ಲಲಿಲ್ಲ. ಕಾಕತಾಳೀಯ ಇರಬಾರದಲ್ಲ, ಅದಕ್ಕೆ ವಾಪಸ್ ‘ಆಟೋ’ ಮಾಡಿ ಕಾದೆ. ಮೂರನೇ ದಿನ ಬೆಳಗಿನ ಜಾವ 4:10ಕ್ಕೆ ನಿಂತಿತು. ಅವತ್ತು ನನಗಾದ ಸಮಾಧಾನ ಹೇಳತೀರದು. ಮತ್ತೆ ‘ಟಿಪಿಕಲ್’ ಮಾಡಿದೆ, ಇವತ್ತಿಗೂ ಹಾಗೇ ಇದೆ. ಖಾಲಿ ಕೂತಾಗ ತುಸು ಹೆಚ್ಚು ಕರೆಂಟು ತಿನ್ನುತ್ತದೆ, ತಿನ್ನಲಿ.

ನಲವತ್ತು ದಿನ ಕಳೆಯಿತು. ಒಂದು ಸಂಜೆ ಮತ್ತೆ ನಿಂತುಬಿಟ್ಟಿತು! ಎದೆ ಧಸಕ್ಕೆಂದಿತು. ಆದರೆ ಈ ಸಲ ಡಿಸ್ಕಿನ ದೀಪ ಆರದೆ ಉರಿಯುತ್ತಿತ್ತು. ಮೌಸ್ ಅರ್ಧ ನಿಮಿಷಕ್ಕೊಮ್ಮೆ ಒಂದಿಂಚು ಜರುಗುತ್ತಿತ್ತು. ಪಿಂಗ್‌ಗೆ ಉತ್ತರ ಬಂತು. ಹೊರಗಿನಿಂದ ನೋಡಿದರೆ ಅದೇ ತೊಂದರೆ, ಒಳಗೆ ಬೇರೆಯೇ ಕಾಯಿಲೆ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ ಒಂದು ಎ4 ಪುಟ ಅಂದರೆ ಸುಮಾರು ಮೂರೂವರೆ ಕೋಟಿ ಪಿಕ್ಸೆಲ್. ಬಣ್ಣದ್ದಾದರೆ ಬಿಡಿಸಿದಾಗ 100 ಎಂಬಿ ದಾಟುತ್ತದೆ. ಅಂಥ ಪುಟಗಳನ್ನು ಚಿತ್ರ ತಿದ್ದುವ ಗಿಂಪ್‌ನಲ್ಲಿ ಒಂದರ ಮೇಲೊಂದು ತೆರೆದಿದ್ದೆ, ಪಕ್ಕದಲ್ಲಿ ಬ್ರೌಸರ್. 8 ಜಿಬಿ ತುಂಬಿತ್ತು. ಆಗ ಲಿನಕ್ಸ್ ಓಡುತ್ತಿರುವ ಪ್ರೋಗ್ರಾಮಿನ ಕೋಡನ್ನೇ ಮೆಮೊರಿಯಿಂದ ಹೊರಹಾಕುತ್ತದೆ, ಡಿಸ್ಕಿನಲ್ಲಿ ಹೇಗೂ ಇದೆಯಲ್ಲ ಅಂತ. ಮರುಕ್ಷಣ ಅದೇ ಕೋಡು ಬೇಕಾಗುತ್ತದೆ, ಮತ್ತೆ ಓದುತ್ತದೆ, ಮತ್ತೆ ಹೊರಹಾಕುತ್ತದೆ. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಇಲ್ಲದಿದ್ದರೂ ಈ ಒದ್ದಾಟ ತಪ್ಪದು.

ಆಲ್ಟ್-ಸಿಸ್‌ಆರ್‌ಕ್ಯೂ-ಎಫ್ ಒತ್ತಿದೆ. ಅತಿ ಹೆಚ್ಚು ಮೆಮೊರಿ ಹಿಡಿದ ಪ್ರೋಗ್ರಾಮನ್ನು ಕೊಲ್ಲು ಅನ್ನುವ ಅಪ್ಪಣೆ ಅದು. ಸ್ವಲ್ಪ ಹೊತ್ತಿಗೆ ಗಿಂಪ್ ಹೋಯಿತು, ಉಳಿದದ್ದೆಲ್ಲ ಉಸಿರಾಡಿತು. ಮರುದಿನವೇ ಅರ್ಲಿಊಮ್ ಹಾಕಿಕೊಂಡೆ. ಬಳಸಬಹುದಾದ ಮೆಮೊರಿಯೂ ಖಾಲಿ ಸ್ವಾಪೂ ಎರಡೂ ಶೇ 10ಕ್ಕಿಂತ ಕೆಳಗಿಳಿದರೆ ಅದೇ ಮುಂದಾಗಿ ದೊಡ್ಡ ಪ್ರೋಗ್ರಾಮನ್ನು ಮುಚ್ಚಿಸುತ್ತದೆ. ಬ್ರೌಸರ್ ಹೋದರೆ ಹೋಗಲಿ, ತಿದ್ದಿದ ಪದ್ಯ ಉಳಿಯಬೇಕು. ಈಗ ನನ್ನ ಹತ್ತು ಸೆಕೆಂಡಿನ ಸ್ಕ್ರಿಪ್ಟಿನಲ್ಲಿ ‘ಪ್ರೋಕ್ ಪ್ರೆಷರ್ ಮೆಮೊರಿ’ಯ ಸಂಖ್ಯೆಯೂ ಸೇರಿದೆ. ಮೆಮೊರಿಗಾಗಿ ಪ್ರೋಗ್ರಾಮುಗಳು ಎಷ್ಟು ಹೊತ್ತು ಕಾದು ನಿಂತಿದ್ದವು ಅಂತ ಕರ್ನಲ್ 4.20ರಿಂದ ಹೇಳುತ್ತದೆ. ಬರೀ ಉಳಿದ ಮೆಮೊರಿ ನೋಡುವುದಕ್ಕಿಂತ ಇದು ಎಷ್ಟೋ ನಂಬಿಕೆಯ ಸೂಚನೆ.

ಇನ್ನೊಂದು ವಿಷಯ. ಬೋರ್ಡಿನ ಮೇಲಿನ ಸಿಆರ್ 2032 ಬ್ಯಾಟರಿ ಖಾಲಿಯಾದರೆ, ಇಲ್ಲವೇ ಬಯಾಸ್ ಅಪ್‌ಡೇಟ್ ಮಾಡಿದರೆ, ಆ ಸೆಟ್ಟಿಂಗ್ ಸದ್ದಿಲ್ಲದೆ ‘ಆಟೋ’ಗೆ ಮರಳಬಹುದು. ಆಗ ನನಗೆ ಈ ಮಳೆಗಾಲ ನೆನಪಿರುತ್ತದೆ ಅನ್ನುವ ಭರವಸೆ ಇಲ್ಲ. ಅದಕ್ಕೆ ಪ್ರಸಂಗದ ಕರಡಿನ ಹಿಂದೆ ‘ಪವರ್ ಸಪ್ಲೈ ಐಡಲ್: ಟಿಪಿಕಲ್ ಇರಬೇಕು’ ಅಂತ ದಪ್ಪಕ್ಷರದಲ್ಲಿ ಬರೆದು, ಕ್ಯಾಬಿನೆಟ್ಟಿನ ಬಾಗಿಲಿನ ಒಳಮೈಗೆ ಟೇಪು ಹಾಕಿ ಅಂಟಿಸಿದ್ದೇನೆ.