ಪಿಐ3ಕೆ ಮಾದರಿ, ಮೂರನೇ ತಿಂಗಳು: ಒಂದು ಕಿಣ್ವವನ್ನು ಎರಡು ಮಾಡಿದ ಮೇಲೆ

ಜೀವಕೋಶ ತೆವಳುವುದನ್ನು ಕಂಪ್ಯೂಟರಿನಲ್ಲಿ ಆಡಿಸಿ ನೋಡುವ ನನ್ನ ಕೆಲಸ ಕೊನೆಗೂ ಒಂದು ಹಂತಕ್ಕೆ ಬಂದಿದೆ. ಕೋಶಪೊರೆಯನ್ನು 120 ತುಂಡುಗಳ ಬಳೆಯಾಗಿ ಬರೆದುಕೊಂಡಿದ್ದೇನೆ. ಪಿಐ3ಕೆ ಕಿಣ್ವ ಪೊರೆಯ ಪಿಪ್2 ಎಂಬ ಕೊಬ್ಬಿನ ಅಣುವಿಗೆ ಒಂದು ಫಾಸ್ಫೇಟ್ ಸೇರಿಸಿ ಪಿಪ್3 ಮಾಡುತ್ತದೆ. ಪಿಟೆನ್ ಎಂಬ ಇನ್ನೊಂದು ಕಿಣ್ವ ಆ ಫಾಸ್ಫೇಟನ್ನು ಕಿತ್ತು ಹಿಂದಿನಂತೆ ಮಾಡುತ್ತದೆ. ಪಿಪ್3 ಹೆಚ್ಚಿದ ಕಡೆ ರ್‍ಯಾಕ್ ಎಂಬ ಪ್ರೋಟೀನು ಚುರುಕಾಗಿ ಕೋಶದ ಚೌಕಟ್ಟಿನ ಆಕ್ಟಿನ್ ಎಳೆಗಳು ಬೆಳೆಯುತ್ತವೆ, ಪೊರೆ ಮುಂದಕ್ಕೆ ಚಾಚುತ್ತದೆ. ಅದೇ ಪಿಪ್3 ಎಕೆಟಿ ಎಂಬ ಕಿಣ್ವವನ್ನೂ ಕರೆದು ಬೆಳವಣಿಗೆಯ ಸಂಕೇತ ಹೊರಡಿಸುತ್ತದೆ.

ಇಷ್ಟು ದಿನ ಪಿಐ3ಕೆಯನ್ನು ಒಂದೇ ಅಣು ಎಂದು ಬರೆದಿದ್ದೆ: ಸಂಕೇತ ಬಂದರೆ ಚಾಲೂ, ಇಲ್ಲದಿದ್ದರೆ ಬಂದ್. ನಿಜದಲ್ಲಿ ಅದು ಎರಡು ತುಂಡುಗಳ ಜೋಡಿ, ಹಲವು ಬಗೆಗಳೂ ಇವೆ. ಆಲ್ಫಾ ಬಗೆಯಲ್ಲಿ ಕೆಲಸ ಮಾಡುವ ಉಪಘಟಕ ಪಿ110, ಅದರ ಮೇಲೆ ಹಿಡಿತವಿರುವುದು ಪಿ85. ಈ ಪಿ85 ಬರೀ ಕಡಿವಾಣ ಎಂದುಕೊಂಡಿದ್ದೆ. ಅದೇ ತಪ್ಪು. ಪಿ85 ಜೊತೆಗಿಲ್ಲದಿದ್ದರೆ ಪಿ110 ದೇಹದ ಉಷ್ಣತೆಯಲ್ಲಿ ಬಾಳುವುದೇ ಇಲ್ಲ. ಪಿ85 ಅದನ್ನು ಉಳಿಸುತ್ತದೆ, ಅದರ ಹೆಲಿಕಲ್ (ಸುರುಳಿ) ಭಾಗದ ಮೇಲೆ ತನ್ನದೇ ಎಸ್‌ಎಚ್2 ತುಂಡನ್ನು ಒತ್ತಿ ಹಿಡಿಯುತ್ತದೆ. ಸಂಕೇತ ಹಿಡಿಯುವ ಗ್ರಾಹಕ ಪ್ರೋಟೀನಿನ ಅಮೈನೋ ಆಮ್ಲ ಟೈರೋಸಿನ್‌ಗೆ ಫಾಸ್ಫೇಟ್ ಅಂಟಿದಾಗ ಆ ಎಸ್‌ಎಚ್2 ಅತ್ತ ಜಿಗಿಯುತ್ತದೆ. ಹಿಡಿತ ಸಡಿಲ, ಕಿಣ್ವ ಪೊರೆಯ ಹತ್ತಿರ. ಈ ಮೂರು ಕೆಲಸವನ್ನೂ ಒಂದೇ ಪ್ರೋಟೀನು ಮಾಡುತ್ತದೆಂದು ಅರ್ಥವಾದ ದಿನ ಇಡೀ ಸಂಜೆ ಹಳೆಯ ಕೋಡ್ ಅಳಿಸುತ್ತ ಕೂತೆ.

ಎರಡನ್ನೂ ಬೇರೆಬೇರೆ ಎಣಿಸತೊಡಗಿದ ಮೇಲೆ ಸಿಕ್ಕ ಮೊದಲ ಫಲ ನನಗೆ ಬಹಳ ಇಷ್ಟವಾಯಿತು. ಪಿ85 ಕಡಿಮೆ ಮಾಡಿದರೆ ಪಿ110 ಸವೆದು ಪಿಪ್3 ಕುಸಿಯುತ್ತದೆ. ಅತಿಯಾದರೂ ಕುಸಿಯುತ್ತದೆ, ಯಾಕೆಂದರೆ ಜೊತೆಗಾರನಿಲ್ಲದ ಪಿ85 ಗ್ರಾಹಕದ ಜಾಗಗಳನ್ನು ಹಿಡಿದು ಕೂರುತ್ತದೆ. ನಿಜವಾದ ಕೋಶದಲ್ಲಿ ಒಂಟಿ ಪಿ85 ಅಷ್ಟಿರುತ್ತದೆಯೇ ಎಂಬ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಆದರೆ, ಪಿ85 ಅತಿಯಾದರೆ ಅಡ್ಡಿ ಎಂಬುದಕ್ಕೆ ಹೊಂದುವಂತೆ, ಪಿ85 ಆಲ್ಫಾ ಜೀನಿನ ಒಂದು ಪ್ರತಿ ತೆಗೆದ ಇಲಿಗಳಲ್ಲಿ ಇನ್ಸುಲಿನ್‌ಗೆ ಸ್ಪಂದನೆ ಕುಗ್ಗದೆ ಹೆಚ್ಚಿದ್ದು ಗೊತ್ತಿರುವ ಸಂಗತಿ.

ಆಮೇಲೆ ರೂಪಾಂತರಗಳು. ಪಿ110 ಆಲ್ಫಾದ ಜೀನು ಹಲವು ಬಗೆಯ ಗೆಡ್ಡೆಗಳಲ್ಲಿ ಬದಲಾಗಿರುವುದು 2004ರಲ್ಲಿ ಹೊರಬಂತು. ಅದರಲ್ಲಿ ಪದೇಪದೇ ಕಾಣುವ ಎರಡನ್ನು ನಾನು ಒಂದೇ ಸಾಲಿನಲ್ಲಿ ‘ಸದಾ ಚಾಲೂ’ ಎಂದು ಬರೆದಿದ್ದೆ. 545ನೇ ಸ್ಥಾನದ ಅಮೈನೋ ಆಮ್ಲ ಗ್ಲುಟಮೇಟ್ ಹೋಗಿ ಲೈಸಿನ್ ಆದಾಗ ಎಸ್‌ಎಚ್2ರ ಹಿಡಿತ ತಪ್ಪುತ್ತದೆ. ಹಾಗಾಗಿ ಹಿಡಿತದ ಸಂಖ್ಯೆಯನ್ನಷ್ಟೇ ಬದಲಿಸಿದೆ, ಪಿ85 ಅಂಟಿಯೇ ಇರುತ್ತದೆ. 1047ನೇ ಹಿಸ್ಟಿಡಿನ್ ಆರ್ಜಿನಿನ್ ಆದರೆ ಕಿಣ್ವ ಪೊರೆಗೆ ಹೆಚ್ಚು ಅಂಟುತ್ತದೆ. ಅಲ್ಲಿ ಬದಲಾದದ್ದು ಬೇರೆಯೇ ಸಂಖ್ಯೆ. ಮೊದಲನೆಯದನ್ನು ಓಡಿಸಿದಾಗ ಬಳೆಯ ಸುತ್ತಲೂ ಪಿಪ್3 ಏರಿತು. ಎಲ್ಲ ಕಡೆಯೂ ಮುಂಭಾಗವೇ ಆದ ಕೋಶ ಎತ್ತಲೂ ಹೊರಡಲಿಲ್ಲ. ಎಕೆಟಿ ಎಣಿಕೆ ಮಾತ್ರ ಏರುತ್ತಲೇ ಹೋಯಿತು. ಚಲನೆ, ಬೆಳವಣಿಗೆ ಎರಡೂ ಒಂದೇ ಪಿಪ್3ನಿಂದ ಹೊರಟರೂ ಚಲನೆಗೆ ಬೇಕಾದ್ದು ಅದು ಎಲ್ಲಿದೆ ಎಂಬುದು. ನನ್ನ ಎಕೆಟಿ ನೋಡುವುದು ಒಟ್ಟು ಎಷ್ಟಿದೆ ಎಂಬುದನ್ನಷ್ಟೇ.

ಬಿಳಿ ರಕ್ತಕಣದ ಬಳೆಗೆ ಇನ್ನೊಂದು ಬಗೆಯಾದ ಪಿ110 ಗಾಮಾ ಹಾಕಿದ್ದೇನೆ. ಇದಕ್ಕೆ ಪಿ85 ಅಲ್ಲ, ಪಿ101 ಅಥವಾ ಪಿ84 ಜೊತೆ. ಪಿ101 ಇದ್ದರೆ ಗ್ರಾಹಕದ ಸಂಕೇತ ಒಳಗೆ ಸಾಗಿಸುವ ಜಿ ಪ್ರೋಟೀನಿನ ಬೀಟಾ–ಗಾಮಾ ಜೋಡಿಯೇ ಕಿಣ್ವವನ್ನು ಪೊರೆಗೆ ಎಳೆಯುತ್ತದೆ. ಪಿ84 ಇದ್ದರೆ ರಾಸ್ ಎಂಬ ಸಂಕೇತ ಪ್ರೋಟೀನೂ ಬೇಕು. ಪಿ84 ಓಟದಲ್ಲಿ ರಾಸ್ ಸೇರಿಸುವುದು ಮರೆತು, ಕೋಶ ಯಾಕೆ ಸತ್ತಂತೆ ಬಿದ್ದಿದೆ ಎಂದು ಎರಡು ದಿನ ಹುಡುಕಿದೆ.

ಈಗ ಉಳಿದ ದೊಡ್ಡ ಕೊರತೆ ಒಂದು. ಡಿಕ್ಟಿಯೋಸ್ಟೀಲಿಯಮ್ ಅಮೀಬಾದಲ್ಲಿ ಐದು ಪಿಐ3ಕೆಗಳನ್ನೂ ಪಿಟೆನ್ ಅನ್ನೂ ತೆಗೆದರೂ ಅದು ಸಂಕೇತದ ಕಡೆಗೆ ತೆವಳುತ್ತದೆ. ನನ್ನ ಬಳೆಯಲ್ಲಿ ಪಿಪ್3 ತೆಗೆದರೆ ಎಲ್ಲ ನಿಂತುಬಿಡುತ್ತದೆ. ಮುಂದಿನ ವಾರ ರಾಸ್‌ನಿಂದ ಆಕ್ಟಿನ್‌ಗೆ ಇನ್ನೊಂದು ದಾರಿ ಹಾಕಿ, ಪಿಪ್3 ಇಲ್ಲದೆಯೇ ಮೊದಲ ಓಟ.