ಅಲಗೇರಿಯಿಂದ ಮಾಜಾಳಿಗೆ

ಅಂಕೋಲೆಯಲ್ಲಿ ಬಸ್ಸಿಳಿದು ರಿಕ್ಷಾ ಹಿಡಿದು ಅಲಗೇರಿಗೆ ಹೋದೆ. ಸೀಬರ್ಡ್ ಯೋಜನೆಯಲ್ಲಿ ಕಟ್ಟಿದ ಐಎನ್‌ಎಸ್ ಕದಂಬ ನೌಕಾನೆಲೆಗಾಗಿ ಇಲ್ಲಿ ವಿಮಾನ ನಿಲ್ದಾಣ, ಜೊತೆಗೆ ನಾಗರಿಕ ವಿಮಾನಗಳಿಗೂ ಜಾಗ ಅನ್ನೋದು ಯೋಜನೆ. ಕಾರವಾರವೂ ನಮಗೇ ಸೇರಬೇಕು ಅಂತ ಮಹಾರಾಷ್ಟ್ರ ವರ್ಷಗಳಿಂದ ಹೇಳುತ್ತಿದೆ. 2004ರಲ್ಲಿ ಸುಪ್ರೀಂ ಕೋರ್ಟಿಗೂ ಹೋಯಿತು. ಇಂಥ ತಕರಾರಿನ ಹತ್ತಿರ ರನ್‌ವೇ ಹಾಕಿದರೆ ಎಡವಟ್ಟಾಗಲ್ವಾ ಅನ್ನೋದು ನನ್ನ ತಲೆಯಲ್ಲಿತ್ತು.

ರಿಕ್ಷಾದವರಿಗೆ ಅದರ ಚಿಂತೆಯೇ ಇರಲಿಲ್ಲ. "ಗಡಿ ಎಲ್ಲಿಗೂ ಹೋಗೂದಿಲ್ಲ ತಮಾ. ಸೀಬರ್ಡಿಗೆ ಜಾಗ ಹೋಯ್ತು, ಹೈವೇಗೂ ಹೋಯ್ತು. ಈಗ ವಿಮಾನಕ್ಕೆ. ಪರಿಹಾರ ಎಷ್ಟು ಅದನ್ನ ಕೇಳು," ಅಂದರು.

ಕಾರವಾರದ ಬಸ್ಸಲ್ಲಿ ಜಿಬ್ರಾಲ್ಟರ್ ನೆನಪಾಯಿತು, ಸ್ಪೇನಿನ ತುದಿಯಲ್ಲಿ ಬ್ರಿಟನ್ನಿನ ಕೈಯಲ್ಲಿರುವ ಊರು. ಅಲ್ಲಿನ ವಿಮಾನ ನಿಲ್ದಾಣ ಇರುವ ನೆಲವನ್ನು 1713ರ ಒಪ್ಪಂದದಲ್ಲಿ ಬಿಟ್ಟುಕೊಟ್ಟೇ ಇಲ್ಲ ಅಂತ ಸ್ಪೇನಿನ ವಾದ. ಇಬ್ಬರೂ ಸೇರಿ ಬಳಸೋಣ ಅಂತ 1987ರಲ್ಲಿ ಬ್ರಿಟನ್, ಸ್ಪೇನ್ ಒಪ್ಪಿದವು. ಜಿಬ್ರಾಲ್ಟರಿನವರೇ ಬೇಡ ಅಂದರು, ಅದು ಅಲ್ಲಿಗೇ ನಿಂತಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ವಿಮಾನ ನಿಲ್ದಾಣದಲ್ಲಿ ಹಾಗಾಗಲಿಲ್ಲ. ಜಾಗ ಫ್ರಾನ್ಸಿನದು, ಕಟ್ಟಿದ ದುಡ್ಡು ಹೆಚ್ಚಾಗಿ ಸ್ವಿಸ್ಸರದು, 1949ರಲ್ಲಿ ಕರಾರು. ನೆಲ ಯಾರದು ಅನ್ನೋ ಜಗಳವೇ ಇಲ್ಲದಿದ್ದರೆ ಕೆಲಸ ಎಷ್ಟು ಸಲೀಸು ನೋಡಿ.

ನಮ್ಮದು ಜಿಬ್ರಾಲ್ಟರಿನಷ್ಟು ಕಷ್ಟದ್ದಲ್ಲ. ಯಾವ ರಾಜ್ಯದಲ್ಲಿದ್ದರೂ ವಿಮಾನಕ್ಕೆ ಪರವಾನಗಿ ಕೊಡೋದು ದಿಲ್ಲಿಯೇ. ಗಡಿ ಗಲಾಟೆ ಎದ್ದರೆ ಮೊದಲು ಪೆಟ್ಟು ತಿನ್ನೋದು ಬಸ್ಸು. 2022ರ ಡಿಸೆಂಬರಿನಲ್ಲಿ ಬೆಳಗಾವಿ ಕಡೆ ಕಲ್ಲು ಬಿದ್ದಾಗ ಮಹಾರಾಷ್ಟ್ರ ತನ್ನ ಬಸ್ಸುಗಳನ್ನೇ ನಿಲ್ಲಿಸಿತ್ತು. ನನಗೆ ಅದಕ್ಕಿಂತ ಜಾಸ್ತಿ ಅನುಮಾನ ಇರೋದು ನೌಕಾಪಡೆಯ ಗೇಟಿನ ಮೇಲೆ. ಗೋವೆಯ ದಾಬೋಳಿ ವಿಮಾನ ನಿಲ್ದಾಣವೂ ನೌಕಾನೆಲೆಯೇ. ತರಬೇತಿ ಅಂತ ವಾರದ ದಿನಗಳಲ್ಲಿ ಬೆಳಗಿನ ಹೊತ್ತು ನಾಗರಿಕ ವಿಮಾನಕ್ಕೆ ಅಲ್ಲಿ ಕತ್ತರಿ ಬೀಳುತ್ತಿತ್ತು. 2023ರ ಜನವರಿಯಲ್ಲಿ ಗೋವೆಯ ಎರಡನೇ ವಿಮಾನ ನಿಲ್ದಾಣ ಮೋಪಾದಿಂದ ವಿಮಾನ ಹಾರಾಟ ಶುರುವಾಯಿತು. ಅದು ಮಹಾರಾಷ್ಟ್ರದ ಗಡಿ ಪಕ್ಕದಲ್ಲೇ ಇದೆ, ಗಡಿಯ ತಕರಾರು ಅಂತ ಯಾರೂ ಕೋರ್ಟಿಗೆ ಹೋಗಿಲ್ಲ!

ಕಾಳಿ ನದಿ ದಾಟಿ ಗೋವೆ ಗಡಿಯ ಮಾಜಾಳಿ ತಲುಪುವಾಗ ಮಧ್ಯಾಹ್ನ. ಗೋವೆಯಿಂದ ಬಂದ ಬಸ್ಸೊಂದನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದ್ದರು. ಸಿಬ್ಬಂದಿಯೊಬ್ಬರು ಸೀಟಿನಡಿ ಬಗ್ಗಿ ಚೀಲ ಎಳೆದು, ಜಿಪ್ ಬಿಚ್ಚಿ, ಬಟ್ಟೆಯ ನಡುವೆ ಕೈಯಾಡಿಸಿದರು. ಹುಡುಕುತ್ತಿದ್ದುದು ಬಾಟಲಿ. ಚೀಲದ ಯಜಮಾನ ಕೊಂಕಣಿಯಲ್ಲಿ ಏನೋ ಅಂದ, ಅವರೂ ಕೊಂಕಣಿಯಲ್ಲೇ ನಗಾಡಿದರು. ರಾಜ್ಯದ ಗಡಿ ಇಲ್ಲಿ ಇಷ್ಟೇ, ಹೆಂಡದ ತೆರಿಗೆಯ ಗೆರೆ. ರಿಕ್ಷಾದವರು ಕೇಳಿದ ಪರಿಹಾರದ ಲೆಕ್ಕಕ್ಕೆ ಮಾತ್ರ ಈ ಗೆರೆಯ ಎರಡು ಕಡೆಯೂ ಯಾರೂ ಜಗಳಕ್ಕೆ ನಿಲ್ಲಲ್ಲ.