ನಮ್ಮ ರೇಸ್ ಕಾರಿಗೆ ಬ್ರೇಕ್ ಪ್ರೆಷರ್ ಸೆನ್ಸರ್: ಅಳವಡಿಕೆಯಿಂದ ಮೊದಲ ಓಟದವರೆಗೆ

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗಾಗಿ ನಮ್ಮ ಕಾಲೇಜಿನ ತಂಡ ಕಟ್ಟುತ್ತಿರುವ ಕಾರಿನಲ್ಲಿ ಬ್ರೇಕ್ ಹಾಗೂ ಡೇಟಾ ಲಾಗಿಂಗ್ (ಸೆನ್ಸರ್‌ಗಳ ಅಳತೆ ದಾಖಲಿಸುವ ಕೆಲಸ) ಎರಡೂ ನನ್ನ ಹೊಣೆ. ಸ್ಪರ್ಧೆಯ ಬ್ರೇಕ್ ಪರೀಕ್ಷೆಯಲ್ಲಿ ವೇಗವಾಗಿ ಬಂದ ಕಾರಿನ ಪೆಡಲ್ ಒತ್ತಿದಾಗ ನಾಲ್ಕೂ ಚಕ್ರಗಳು ಲಾಕ್ ಆಗಲೇಬೇಕು. ನಮ್ಮ ಕಾರಿನಲ್ಲಿ ಮುಂದಿನವು ಲಾಕ್ ಆದರೂ ಹಿಂದಿನವು ಉರುಳುತ್ತಲೇ ಇರುತ್ತಿದ್ದವು. ಮುಂದೆ ಹಿಂದೆ ಒತ್ತಡವನ್ನು ಹಂಚುವ ಬ್ಯಾಲೆನ್ಸ್ ಬಾರನ್ನು ಅಂದಾಜಿನ ಮೇಲೆ ತಿರುಗಿಸುತ್ತ ಎರಡು ವಾರ ಕಳೆದ ಮೇಲೆ, ಮುಂದಿನ ಮತ್ತು ಹಿಂದಿನ ಬ್ರೇಕ್ ಆಯಿಲಿನ ಎರಡೂ ಸರ್ಕ್ಯೂಟ್‌ಗಳಿಗೆ ಒಂದೊಂದು ಸೆನ್ಸರ್ ಹಾಕಿ ಅಳೆದೇ ನೋಡುವುದೆಂದು ನಿರ್ಧರಿಸಿದೆವು.

ಎಷ್ಟು ಬಾರ್‌ನ (ಬಾರ್ ಎಂದರೆ ಒತ್ತಡದ ಅಳತೆಮಾನ) ಸೆನ್ಸರ್ ಬೇಕೆಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಿದೆವು. ನಮ್ಮ ಪೆಡಲ್ ಅನುಪಾತ 5:1, ಅಂದರೆ ಕಾಲಿನ ಬಲ ಐದು ಪಟ್ಟಾಗುತ್ತದೆ; ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್‌ನ ವ್ಯಾಸ 15.875 ಮಿ.ಮೀ., ಅಂದರೆ ವಿಸ್ತೀರ್ಣ ಸುಮಾರು 198 ಚದರ ಮಿ.ಮೀ. ಚಾಲಕ 500 ನ್ಯೂಟನ್ ಬಲದಿಂದ ಒತ್ತಿ, ಅದರ ಶೇ. 60 ಮುಂದಕ್ಕೆ ಹೋದರೆ ಮುಂದಿನ ಸರ್ಕ್ಯೂಟ್‌ನಲ್ಲಿ ಸುಮಾರು 76 ಬಾರ್ ಒತ್ತಡ ಏರುತ್ತದೆ. ಗಾಬರಿಯಲ್ಲಿ ಅದರ ಎರಡರಷ್ಟು ಒತ್ತಿದರೆ 152 ಬಾರ್. ಆದ್ದರಿಂದ 100 ಬಾರ್‌ನದ್ದನ್ನು ಬಿಟ್ಟು 160 ಬಾರ್‌ನದ್ದನ್ನು ಆರಿಸಿದೆವು. ಪೆಡಲ್ 2000 ನ್ಯೂಟನ್ ತಾಳಬೇಕೆಂದು ನಿಯಮವಿದೆ. ಆಗ ಒತ್ತಡ 303 ಬಾರ್ ಮುಟ್ಟಿದರೂ ಈ ಸೆನ್ಸರ್‌ನ ಓವರ್‌ಲೋಡ್ ಮಿತಿ 320 ಬಾರ್ ಆಗಿರುವುದು ಸಮಾಧಾನ ತಂದಿತು.

ಮೊದಲ ತೊಡಕು ಎದುರಾದದ್ದು ಥ್ರೆಡ್‌ನಲ್ಲಿ, ಅಂದರೆ ತಿರುಪಿನ ಹಲ್ಲುಗಳಲ್ಲಿ. ಸೆನ್ಸರನ್ನು ಬ್ರೇಕ್ ಲೈನಿಗೆ ಸೇರಿಸಲು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಟಿ-ಜಾಯಿಂಟ್‌ನ ಥ್ರೆಡ್ ಎಂ10×1, ಅಂದರೆ ವ್ಯಾಸ 10 ಮಿ.ಮೀ., ಪಿಚ್ (ಹಲ್ಲಿನಿಂದ ಹಲ್ಲಿಗೆ ಇರುವ ದೂರ) 1 ಮಿ.ಮೀ. ಸೆನ್ಸರನ್ನು ಕೈಯಲ್ಲೇ ತಿರುಗಿಸಿದಾಗ ಮೂರು ಸುತ್ತು ಸಲೀಸಾಗಿ ಹೋಗಿ ಬಿಗಿಯಾಯಿತು. ಸ್ಪ್ಯಾನರ್ ಹಿಡಿಯುವ ಮೊದಲು ಏಕೋ ಅನುಮಾನ ಬಂದು ಹೊರತೆಗೆದು ಪಿಚ್ ಗೇಜ್ ಇಟ್ಟು ನೋಡಿದರೆ, ಹಲ್ಲುಗಳ ನಡುವೆ ಬೆಳಕು ಕಾಣುತ್ತಿತ್ತು. ಸೆನ್ಸರ್‌ನದು 1/8 ಎನ್‌ಪಿಟಿ ಎಂಬ ಪೈಪ್ ಥ್ರೆಡ್: ಇಂಚಿಗೆ 27 ಹಲ್ಲು, ಅಂದರೆ ಪಿಚ್ 0.94 ಮಿ.ಮೀ., ಮೇಲಾಗಿ ತುದಿಯ ಕಡೆಗೆ ಸಣ್ಣದಾಗುತ್ತ ಹೋಗುವಂಥದ್ದು. ಕಣ್ಣಿಗೆ ಇವೆರಡೂ ಒಂದೇ. ಬಲವಂತವಾಗಿ ಬಿಗಿದಿದ್ದರೆ ಥ್ರೆಡ್ ಹಾಳಾಗಿ, ಒತ್ತಡ ಏರಿದಾಗ ಅಲ್ಲಿಂದಲೇ ಬ್ರೇಕ್ ಆಯಿಲ್ ಸೋರುತ್ತಿತ್ತು. ಟೆಫ್ಲಾನ್ ಟೇಪ್ ಸುತ್ತಿದರಾಯಿತು ಎಂದು ಕೆಲವರು ಹೇಳಿದರು. ಅದರ ಎಳೆ ಹರಿದು ಬ್ರೇಕ್ ಲೈನಿನೊಳಗೆ ಸೇರಬಾರದೆಂಬ ಕಾರಣಕ್ಕೆ ನಾನು ಒಪ್ಪಲಿಲ್ಲ. ಎಂ10×1 ಥ್ರೆಡ್‌ನ ಸೆನ್ಸರ್‌ಗಳಿಗೆ ಬದಲಾಯಿಸಿಕೊಂಡು, ತಾಮ್ರದ ವಾಷರ್ ಹಾಕಿ ಕೂರಿಸಿದೆವು.

ನಮ್ಮದು ಕೆಟಿಎಂ 390 ಎಂಜಿನ್. ಒಂದೇ ಸಿಲಿಂಡರ್ ಆದ್ದರಿಂದ ನಡುಕ ಹೆಚ್ಚು. ಸೆನ್ಸರ್‌ನ ಭಾರ ಬರಿಯ ಬ್ರೇಕ್ ಲೈನಿನ ಮೇಲೆ ಬೀಳದಂತೆ ಟಿ-ಜಾಯಿಂಟನ್ನೇ ಬ್ರಾಕೆಟ್‌ನಿಂದ ಚಾಸಿಗೆ ಬಿಗಿದೆವು. ಮೊದಲು ಸೆನ್ಸರನ್ನು ಮೇಲ್ಮುಖವಾಗಿ ನಿಲ್ಲಿಸಿದ್ದೆವು, ಅದು ತಪ್ಪಾಯಿತು. ಆಯಿಲ್ ಹರಿಯದ ಆ ಕೊನೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡು, ಎಷ್ಟು ಸಲ ಏರ್ ತೆಗೆದರೂ ಪೆಡಲ್ ಮೆತ್ತಗೇ ಇತ್ತು. ಸೆನ್ಸರ್ ಕೆಳಗೆ ತೂಗುವಂತೆ ಟಿ-ಜಾಯಿಂಟನ್ನು ತಿರುಗಿಸಿದ ಮೇಲೆ ಗುಳ್ಳೆ ತಾನಾಗಿ ಮೇಲೇರಿ ಲೈನಿಗೆ ಬಂದು ಹೊರಹೋಯಿತು. ಚೆಲ್ಲಿದ ಡಾಟ್ 4 ಆಯಿಲ್ ಬಣ್ಣವನ್ನು ತಿನ್ನುವುದರಿಂದ ಕೂಡಲೇ ನೀರಿನಿಂದ ತೊಳೆದೆವು.

ಇನ್ನು ವೈರಿಂಗ್. 5 ವೋಲ್ಟ್ ಕೊಟ್ಟರೆ ಸೆನ್ಸರ್ ಸೊನ್ನೆ ಒತ್ತಡಕ್ಕೆ 0.5 ವೋಲ್ಟ್, 160 ಬಾರ್‌ಗೆ 4.5 ವೋಲ್ಟ್ ಕೊಡುತ್ತದೆ. ಅಂದರೆ ವೋಲ್ಟಿಗೆ 40 ಬಾರ್. ಚಕ್ರದ ಬಳಿಯ ಕ್ಯಾಲಿಪರ್‌ನಲ್ಲಿ ಏರ್ ತೆಗೆಯುವ ಬ್ಲೀಡ್ ನಿಪ್ಪಲ್ ಇರುವ ಜಾಗಕ್ಕೆ ಗೇಜ್ ಜೋಡಿಸಿ, 20, 40, 60 ಬಾರ್‌ಗಳಲ್ಲಿ ಪೆಡಲನ್ನು ಹಿಡಿದು ನಿಲ್ಲಿಸಿ ನೋಡಿದಾಗ 1.0, 1.5, 2.0 ವೋಲ್ಟ್ ಸರಿಯಾಗಿ ಬಂದವು. ಆದರೆ ಎಂಜಿನ್ ಬಿಸಿಯಾಗಿ ರೇಡಿಯೇಟರ್ ಫ್ಯಾನ್ ತಿರುಗಿದೊಡನೆ, ಪೆಡಲ್ ಮುಟ್ಟದಿದ್ದರೂ ಮುಂದಿನ ಸೆನ್ಸರ್ 0.548 ವೋಲ್ಟ್ ತೋರಿಸತೊಡಗಿತು. ಸುಮಾರು 2 ಬಾರ್‌ನ ಸುಳ್ಳು ಒತ್ತಡ. ಸೆನ್ಸರ್‌ನ ಗ್ರೌಂಡ್ ತಂತಿಯನ್ನು ಹತ್ತಿರದ ಚಾಸಿ ಬೋಲ್ಟಿಗೆ ಕಟ್ಟಿದ್ದೆ. ಫ್ಯಾನಿನ ಕರೆಂಟ್ ಅದೇ ದಾರಿಯಲ್ಲಿ ಹಿಂತಿರುಗುವಾಗ ಆ ಬೋಲ್ಟಿನ ವೋಲ್ಟೇಜ್ ಲಾಗರ್‌ನ ಗ್ರೌಂಡಿಗಿಂತ ಅಷ್ಟು ಮೇಲೇರುತ್ತಿತ್ತು. ಎರಡೂ ಸೆನ್ಸರ್‌ಗಳ ಗ್ರೌಂಡನ್ನು ನೇರವಾಗಿ ಲಾಗರ್‌ಗೇ ಒಯ್ದು, ತಂತಿಯ ಸುತ್ತಲಿನ ಲೋಹದ ಹೊದಿಕೆಯಾದ ಶೀಲ್ಡನ್ನು ಲಾಗರ್‌ನ ಕಡೆ ಮಾತ್ರ ಜೋಡಿಸಿದ ಮೇಲೆ ಫ್ಯಾನ್ ತಿರುಗಲಿ, ನಿಲ್ಲಲಿ, ಸೊನ್ನೆ ಅಲುಗಲಿಲ್ಲ.

ಕಳೆದ ಭಾನುವಾರ ಕಾಲೇಜಿನ ಹಿಂಬದಿಯ ರಸ್ತೆಯಲ್ಲಿ, ಸೆಕೆಂಡಿಗೆ 100 ಸಲ ದಾಖಲಿಸುತ್ತ ಓಡಿಸಿದೆವು. ಹಗುರವಾಗಿ ಒತ್ತಿದಾಗ ಮುಂದೆ 30, ಹಿಂದೆ 20 ಬಾರ್; ಮುಂದಿನ ಪಾಲು ನಾವು ಬಯಸಿದ ಶೇ. 60. ಜೋರಾಗಿ ಒತ್ತಿದಾಗ ಮುಂದೆ 66, ಹಿಂದೆ ಬರೀ 34, ಪಾಲು ಶೇ. 66ಕ್ಕೆ ಜಿಗಿದಿತ್ತು. ಒತ್ತಡ ಏರಿದಂತೆ ಅನುಪಾತವೇ ಬದಲಾಗುತ್ತಿದೆಯೆಂದರೆ ಬ್ಯಾಲೆನ್ಸ್ ಬಾರ್ ಎಲ್ಲೋ ತಗುಲುತ್ತಿರಬೇಕು. ಪೆಡಲ್ ಬಿಚ್ಚಿ ನೋಡಿದಾಗ ಬ್ಯಾಲೆನ್ಸ್ ಬಾರನ್ನು ಪುಶ್‌ರಾಡಿಗೆ (ಮಾಸ್ಟರ್ ಸಿಲಿಂಡರನ್ನು ಒತ್ತುವ ಸರಳಿಗೆ) ಜೋಡಿಸುವ ಹಿಂದಿನ ಕ್ಲೆವಿಸ್ ಪೆಡಲ್‌ನ ಕೊಳವೆಗೆ ಉಜ್ಜಿ ಬೆಳ್ಳಗೆ ಹೊಳೆಯುವ ಗೀರು ಮಾಡಿತ್ತು. ಪುಶ್‌ರಾಡ್‌ಗಳ ಉದ್ದ ಹೊಂದಿಸಿ, ಜೋರಾಗಿ ಒತ್ತಿದಾಗ ಬ್ಯಾಲೆನ್ಸ್ ಬಾರ್ ಪೆಡಲಿಗೆ ನೇರ ಅಡ್ಡಲಾಗಿ ನಿಲ್ಲುವಂತೆ ಮಾಡಿದೆವು. ಸಂಜೆಯ ಕೊನೆಯ ಓಟದಲ್ಲಿ ಮುಂದೆ 60, ಹಿಂದೆ 39 ಬಾರ್ ದಾಖಲಾಯಿತು, ಡಾಂಬರಿನ ಮೇಲೆ ನಾಲ್ಕು ಕಪ್ಪು ಗೆರೆಗಳು ಮೂಡಿದವು. ಹಿಂದಿನ ಸೆನ್ಸರ್‌ನ ತಂತಿ ಸೈಲೆನ್ಸರ್‌ಗೆ ತೀರ ಹತ್ತಿರವಿದೆ. ಈ ವಾರ ಅದನ್ನು ಬೇರೆ ದಾರಿಯಲ್ಲಿ ಒಯ್ಯಬೇಕು.